ಮರಳಿ ಬಂದ ಕುಟುಂಬ ಎಲ್ಲಿ ನೆಲೆಸಬೇಕು?

ಪರದೇಶದಲ್ಲಿ ಹತ್ತು ಹದಿನೈದು ವರ್ಷ ದುಡಿದ ಕುಟುಂಬವೊಂದು ತಾಯ್ನಾಡಿಗೆ ಮರಳಲು ನಿಶ್ಚಯಿಸಿದಾಗ ಅದರ ಮುಂದೆ ಮೊದಲು ಎದ್ದು ನಿಲ್ಲುವ ಪ್ರಶ್ನೆ, ನೆಲೆಸುವುದೆಲ್ಲಿ ಎಂಬುದು. ಹಿರಿಯರ ಮನೆಯಿರುವ ಹಳ್ಳಿಗೆ ಹೋಗುವುದೇ, ಮಂಗಳೂರಿನಲ್ಲಿ ಫ್ಲ್ಯಾಟು ಕೊಳ್ಳುವುದೇ, ಉಡುಪಿ ಮಣಿಪಾಲದ ಪರಿಸರವನ್ನು ಆಯ್ದುಕೊಳ್ಳುವುದೇ, ಕಾರ್ಕಳ, ಮೂಡುಬಿದಿರೆ, ಕುಂದಾಪುರಗಳಂತಹ ಪೇಟೆಗಳಲ್ಲಿ ಹತ್ತು ಸೆಂಟ್ಸು ಜಾಗ ಮಾಡಿ ಮನೆ ಕಟ್ಟುವುದೇ? ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಈ ಚರ್ಚೆ ನಡೆಯದ ಮನೆ ವಿರಳ. ಆದರೂ ಇದು ಬಹುತೇಕ ಹಣದ ಮತ್ತು ಜಾಗದ ದರದ ಮಾತಾಗಿಯೇ ಮುಗಿಯುತ್ತದೆ ಎಂಬುದು ನಮ್ಮ ಕೊರಗು.

ಪ್ರಶ್ನೆ ಹೊಸದೇನಲ್ಲ. ಹೆರೋದನ ಖಡ್ಗಕ್ಕೆ ಹೆದರಿ ಈಜಿಪ್ತಿಗೆ ಓಡಿಹೋಗಿದ್ದ ಪವಿತ್ರ ಕುಟುಂಬಕ್ಕೂ ಒಂದು ದಿನ ಇದೇ ಪ್ರಶ್ನೆ ಎದುರಾಯಿತು. ಹೆರೋದನು ತೀರಿಕೊಂಡ ಮೇಲೆ ಸಂತ ಜೋಸೆಫರು ಮಡದಿ ಮಗುವಿನೊಡನೆ ಸ್ವದೇಶಕ್ಕೆ ಹೊರಟರು. ಜುದೇಯದಲ್ಲಿ ಅವನ ಮಗ ಆರ್ಖೆಲಾಯನು ಆಳುತ್ತಿರುವನೆಂದು ಕೇಳಿ ಅಲ್ಲಿಗೆ ಹೋಗಲು ಅಂಜಿ, ಗಲಿಲೇಯದ ನಜರೇತಿನಲ್ಲಿ ನೆಲೆಸಿದರೆಂದು ಸಂತ ಮತ್ತಾಯರು ಬರೆದಿದ್ದಾರೆ. ಜೋಸೆಫರ ಪಿತೃಗಳ ಊರು ಜುದೇಯದ ಬೆತ್ಲೆಹೇಮ್. ಧರ್ಮದ ರಾಜಧಾನಿ ಜೆರುಸಲೇಮ್ ಅದಕ್ಕೆ ಸಮೀಪ. ಎರಡನ್ನೂ ಬಿಟ್ಟು ಅವರು ಹೆಸರಿಲ್ಲದ ಚಿಕ್ಕ ಊರೊಂದಕ್ಕೆ ಹೋದರು. ಆ ಮಗು ನಿರ್ಭಯವಾಗಿ ಬೆಳೆಯಬಲ್ಲ ಸ್ಥಳ ಯಾವುದೆಂಬುದೇ ಅವರ ಅಳತೆಗೋಲಾಗಿತ್ತು.

ನಮ್ಮವರು ಮರಳುತ್ತಿರುವುದೂ ಯಾವಾಗಲೂ ಸ್ವಇಚ್ಛೆಯಿಂದಲ್ಲ. 1990ರ ಆಗಸ್ಟಿನಲ್ಲಿ ಇರಾಕ್ ಕುವೈಟನ್ನು ಆಕ್ರಮಿಸಿದಾಗ ಉಟ್ಟ ಬಟ್ಟೆಯಲ್ಲಿ ಊರು ಸೇರಿದವರು ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಇದ್ದಾರೆ. 2017ರ ಜುಲೈಯಿಂದ ಸೌದಿ ಅರೇಬಿಯಾ ವಿದೇಶೀ ನೌಕರರ ಅವಲಂಬಿತರ ಮೇಲೆ ತಲೆಯೊಂದಕ್ಕೆ ತಿಂಗಳಿಗೆ 100 ರಿಯಾಲಿನಂತೆ ಶುಲ್ಕ ವಿಧಿಸಿ ಅದನ್ನು ವರ್ಷ ವರ್ಷ ಏರಿಸತೊಡಗಿದಾಗ, ದುಡಿಯುವ ಗಂಡ ಅಲ್ಲಿಯೇ ಉಳಿದು ಹೆಂಡತಿ ಮಕ್ಕಳು ಮಾತ್ರ ಊರಿಗೆ ಬಂದ ಪ್ರಸಂಗಗಳು ಹೆಚ್ಚಿದವು. 2020ರ ಕೊರೊನಾ ಕಾಲದಲ್ಲಿ ಕೆಲಸ ಕಳೆದುಕೊಂಡು ಬಂದವರ ಬವಣೆ ಎಲ್ಲರಿಗೂ ತಿಳಿದದ್ದೇ. ಹೀಗೆ ಬಂದವರಿಗೆ ನಿಧಾನವಾಗಿ ಆಲೋಚಿಸಲು ಸಮಯವಿರುವುದಿಲ್ಲ. ಆದುದರಿಂದಲೇ ಆಲೋಚನೆ ಮೊದಲೇ ನಡೆದಿರಬೇಕು.

ಸಾಮಾನ್ಯವಾಗಿ ನಡೆಯುವುದೇನು? ಗೃಹಸ್ಥನು ಮೇ ತಿಂಗಳಲ್ಲೋ ಕ್ರಿಸ್ಮಸ್ಸಿಗೋ ಒಂದು ತಿಂಗಳ ರಜೆಯಲ್ಲಿ ಬರುತ್ತಾನೆ. ಎರಡು ಮದುವೆ, ಒಂದು ರೋಸು, ಒಂದು ಪ್ರಥಮ ಪರಮಪ್ರಸಾದದ ಸಮಾರಂಭಗಳ ನಡುವೆ ಬಿಡುವು ಮಾಡಿಕೊಂಡು ದಲ್ಲಾಳಿಯೊಡನೆ ನಾಲ್ಕು ಜಾಗ ನೋಡುತ್ತಾನೆ. ಕಣ್ಣಿಗೆ ಚಂದ ಕಂಡದ್ದಕ್ಕೆ ಮುಂಗಡ ಕೊಟ್ಟು ವಿಮಾನ ಹತ್ತುತ್ತಾನೆ. ಹಳೆಯ ಒಡಂಬಡಿಕೆಯ ಲೋಟನೂ ಹೀಗೆಯೇ ಮಾಡಿದನು. ಚಿಕ್ಕಪ್ಪ ಅಬ್ರಹಾಮನು ಆಯ್ಕೆಯನ್ನು ಅವನಿಗೇ ಬಿಟ್ಟಾಗ ಕಣ್ಣೆತ್ತಿ ನೋಡಿ, ನೀರಿನಿಂದ ಸಮೃದ್ಧವಾಗಿದ್ದ ಜೋರ್ಡಾನಿನ ಬಯಲನ್ನು ಆರಿಸಿಕೊಂಡನು. ನೆರೆಹೊರೆಯವರು ಎಂಥವರೆಂದು ವಿಚಾರಿಸಲಿಲ್ಲ. ಆ ನೆರೆಯೇ ಸೊದೋಮ್ ಆಗಿತ್ತು.

ನಮ್ಮ ನಾಡಿನಲ್ಲಿ ಕಣ್ಣು ಮೋಸಹೋಗುವುದು ನೀರಿನ ವಿಷಯದಲ್ಲಿಯೇ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಜಿಲ್ಲೆಯೆಂದು ಹೆಮ್ಮೆಪಡುತ್ತೇವೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬಿದ್ದು, ಮುರಕಲ್ಲಿನ ನೆಲದಲ್ಲಿ ಇಳಿದು ಸಮುದ್ರ ಸೇರುತ್ತದೆ. ಡಿಸೆಂಬರಿನಲ್ಲಿ ತುಂಬಿರುವ ಬಾವಿ ಏಪ್ರಿಲಿನಲ್ಲಿ ತಳ ಕಾಣಿಸಬಹುದು. ನೇತ್ರಾವತಿಯ ತುಂಬೆ ಅಣೆಕಟ್ಟನ್ನೇ ನಂಬಿರುವ ಮಂಗಳೂರು ನಗರದಲ್ಲಿಯೂ 2019ರ ಬೇಸಿಗೆಯಲ್ಲಿ ನೀರನ್ನು ಪಾಳಿಯ ಮೇಲೆ ಬಿಡಬೇಕಾಯಿತು. ಇನ್ನು ಬೇಸಿಗೆಯಲ್ಲಿ ನೋಡಿದ ತಗ್ಗಿನ ಜಾಗ ಜುಲೈಯಲ್ಲಿ ಕೆರೆಯಾಗಿರುತ್ತದೆ. ಕಡಲ ದಂಡೆಯ ಮನೆ ಮಾರ್ಚಿನಲ್ಲಿ ರಮಣೀಯ. ಮಳೆಗಾಲದಲ್ಲಿ ಅದೇ ಕಡಲು ತೆಂಗಿನ ಮರಗಳನ್ನೂ ಮನೆಗಳನ್ನೂ ನುಂಗುವುದನ್ನು ಉಳ್ಳಾಲದ ಜನ ವರ್ಷಗಟ್ಟಲೆ ಕಂಡಿದ್ದಾರೆ. ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ನೆಲ 1991ರಿಂದಲೂ ಕರಾವಳಿ ನಿಯಂತ್ರಣ ವಲಯದ ನಿಯಮಗಳಿಗೆ ಒಳಪಟ್ಟಿದೆ ಎಂಬುದನ್ನೂ ಮರೆಯಬಾರದು.

ಆದುದರಿಂದ ನಮ್ಮ ಮೊದಲ ಸಲಹೆ ಇದು. ಕೊಳ್ಳುವ ಮುನ್ನ ಬಾಡಿಗೆಗೆ ಇರಿ. ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯನ್ನು ಆ ಊರಿನಲ್ಲಿ ಕಳೆಯಿರಿ. ಹನ್ನೆರಡು ತಿಂಗಳ ಬಾಡಿಗೆ ದಂಡವೆಂದು ಕಾಣಬಹುದು, ಆದರೆ ಒಲ್ಲದ ಊರಿನಲ್ಲಿ ಕಟ್ಟಿದ ಮನೆಯ ಸಾಲಕ್ಕೆ ಹೋಲಿಸಿದರೆ ಅದು ಅಲ್ಪ.

ಕಾಗದಪತ್ರಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಅನಿವಾಸಿಯಾಗಿರುವಾಗ ಕೃಷಿಭೂಮಿ, ತೋಟ ಅಥವಾ ತೋಟದ ಮನೆಯನ್ನು ಕ್ರಯಕ್ಕೆ ಪಡೆಯಲು ವಿದೇಶೀ ವಿನಿಮಯ ಕಾನೂನು ಸಾಮಾನ್ಯವಾಗಿ ಆಸ್ಪದ ಕೊಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳಬಹುದು. ವರ್ಗದ ಜಾಗದೊಡನೆ ತೋರಿಸಲಾಗುವ ಕುಮ್ಕಿ ಸರಕಾರದ ಭೂಮಿ. ವರ್ಗದಾರನಿಗೆ ಅಲ್ಲಿ ಇರುವುದು ಸೊಪ್ಪು ಸೌದೆಯಂಥ ಸೌಲಭ್ಯವೇ ಹೊರತು ಒಡೆತನವಲ್ಲ. ಪಹಣಿ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶಗಳನ್ನು ವಕೀಲರೊಬ್ಬರಿಗೆ ತೋರಿಸದೆ ಮುಂಗಡ ಕೊಡಬಾರದು. ವಕೀಲರು ನೆಂಟರೇ ಆಗಬೇಕೆಂದಿಲ್ಲ.

ಜಾಗದ ಮಾತು ಮುಗಿಯಿತು. ಇನ್ನು ಜನರ ಮಾತು. ಒಂದು ಮನೆಯಲ್ಲಿ ಮೂರು ವಿಧದ ಜನರಿರುತ್ತಾರೆ, ಮಕ್ಕಳು, ವೃದ್ಧರು ಮತ್ತು ಮನೆಯನ್ನು ನಡೆಸುವ ಗೃಹಿಣಿ. ಈ ಮೂವರಲ್ಲಿ ಯಾರನ್ನೂ ಕೇಳದೆ, ವರ್ಷಕ್ಕೆ ಮೂವತ್ತು ದಿನ ಮಾತ್ರ ಆ ಮನೆಯಲ್ಲಿ ಮಲಗುವ ನಾಲ್ಕನೆಯವನು ಊರನ್ನು ನಿರ್ಧರಿಸುವುದು ನಮ್ಮಲ್ಲಿ ರೂಢಿಯಾಗಿದೆ.

ಮಕ್ಕಳನ್ನು ತೆಗೆದುಕೊಳ್ಳೋಣ. ಕೊಲ್ಲಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಮಗುವಿಗೆ ಕನ್ನಡ ಅಕ್ಷರ ಬಾರದು. ಮನೆಯಲ್ಲಿ ಕೊಂಕಣಿ ಆಡಿದರೂ ಅದನ್ನು ಕನ್ನಡ ಲಿಪಿಯಲ್ಲಿ ಓದಲಾರದು. ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕೆಂದು 2015ರಲ್ಲಿ ಕಾನೂನು ಆಗಿದೆ. ಇದನ್ನು ಹೊರೆಯೆಂದು ಗೊಣಗುವವರಿದ್ದಾರೆ. ನಾವು ಹಾಗೆ ಭಾವಿಸುವುದಿಲ್ಲ. ಅಂಗಡಿಯ ಬೋರ್ಡನ್ನೂ ಬಸ್ಸಿನ ಹೆಸರನ್ನೂ ಓದಲಾರದ ಮಗು ತನ್ನ ಊರಿನಲ್ಲಿಯೇ ಪರದೇಶಿ. ಆದರೆ ಆ ಕಲಿಕೆಗೆ ತಾಳ್ಮೆಯಿಂದ ಕೈ ಹಿಡಿಯುವ ಶಿಕ್ಷಕರಿರುವ ಶಾಲೆ ಬೇಕು. ಹತ್ತನೆಯ ತರಗತಿಯ ಹೊಸ್ತಿಲಲ್ಲಿ ಮಗುವನ್ನು ಕಿತ್ತು ತರುವುದಕ್ಕಿಂತ ಎರಡು ವರ್ಷ ಮುಂಚೆ ತರುವುದು ಮೇಲು. ಕೀರ್ತಿವೆತ್ತ ಶಾಲೆಗಾಗಿ ದಿನಕ್ಕೆ ಮೂರು ತಾಸು ಬಸ್ಸಿನಲ್ಲಿ ಕಳೆಯುವ ಮಗುವಿಗಿಂತ, ಧರ್ಮಕೇಂದ್ರದ ಸಾಮಾನ್ಯ ಶಾಲೆಗೆ ನಡೆದುಹೋಗಿ ಸಂಜೆ ಆಟವಾಡುವ ಮಗು ಬಡವಾಗದು.

ವೃದ್ಧರ ವಿಷಯದಲ್ಲಿ ನಮ್ಮ ಮನಸ್ಸು ಹೆಚ್ಚು ನೋಯುತ್ತದೆ. ಹಳ್ಳಿಯ ದೊಡ್ಡ ಮನೆಯಲ್ಲಿ ಎಪ್ಪತ್ತೈದರ ತಂದೆ ತಾಯಿ ಇಬ್ಬರೇ ಜಪಸರ ಹೇಳುತ್ತಿರುವಾಗ, ಮರಳಿ ಬಂದ ಮಗ ಮೂವತ್ತು ಕಿಲೋಮೀಟರ್ ದೂರದ ನಗರದ ಏಳನೆಯ ಮಾಳಿಗೆಯಲ್ಲಿ ನೆಲೆಸುತ್ತಾನೆ. ಅವನನ್ನು ದೂಷಿಸಲು ಅವಸರಪಡಬೇಡಿ. ನಗರದಲ್ಲಿ ಮಕ್ಕಳಿಗೆ ಕಾಲೇಜಿದೆ, ಫಾದರ್ ಮುಲ್ಲರ್‌ನಂತಹ ಆಸ್ಪತ್ರೆಯಿದೆ. ಉತ್ತರದವರಿಗೆ ಮಣಿಪಾಲವಿದೆ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದಾಗ ಹಳ್ಳಿಯಲ್ಲಿ ವಾಹನ ಚಲಾಯಿಸುವವರು ಯಾರು ಎಂಬುದು ನಿಜವಾದ ಪ್ರಶ್ನೆ. ಆದರೆ ವೃದ್ಧರನ್ನು ಅವರ ಬಾವಿ, ಹಟ್ಟಿ, ನೆರೆಮನೆಗಳಿಂದ ಬೇರ್ಪಡಿಸಿ ಲಿಫ್ಟಿನ ಮುಂದೆ ನಿಲ್ಲಿಸಿದರೆ ಅವರು ಆರೋಗ್ಯದಿಂದಿರುವರೆಂಬುದೂ ಸುಳ್ಳು. ಇವೆರಡರ ನಡುವೆ, ಹಳೆಯ ಮನೆಗೆ ಅರ್ಧ ತಾಸಿನ ದಾರಿಯ ಪೇಟೆಯೊಂದರಲ್ಲಿ ನೆಲೆಸುವುದು ಅನೇಕರಿಗೆ ಸಾಧ್ಯ. ಅದಕ್ಕೆ ಬೇಕಾದುದು ಪ್ರತಿಷ್ಠೆಯನ್ನು ಸ್ವಲ್ಪ ಕೆಳಗಿಡುವ ಧೈರ್ಯ.

ಕೊನೆಯದಾಗಿ ಗೃಹಿಣಿ. ಗಂಡ ಕೊಲ್ಲಿಯಲ್ಲಿಯೇ ಉಳಿದರೆ ಊರಿನಲ್ಲಿ ಗ್ಯಾಸಿನಿಂದ ಹಿಡಿದು ಮಗುವಿನ ಜ್ವರದವರೆಗೆ ಎಲ್ಲ ಭಾರ ಅವಳದೇ. ಅವಳ ಪರವಾಗಿ ನಿಲ್ಲುವವರು ಯಾರಿರುವರೋ ಅಲ್ಲಿಯೇ ಮನೆಯಾಗಬೇಕು. ಕೆಲವೊಮ್ಮೆ ಅದು ಅವಳ ತವರಿನ ಧರ್ಮಕೇಂದ್ರವೇ ಆಗಿರುತ್ತದೆ. ಹೆಂಡತಿಯ ಊರಿನಲ್ಲಿ ನೆಲೆಸಿದವನನ್ನು ಮನೆಯಳಿಯನೆಂದು ಹಾಸ್ಯ ಮಾಡುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅಂಥವರು ಒಂದು ಸಂಗತಿಯನ್ನು ನೆನೆಯಲಿ. ಗಬ್ರಿಯೇಲ ದೂತನು ಕನ್ಯಾಮರಿಯಮ್ಮನವರನ್ನು ಕಂಡದ್ದು ನಜರೇತಿನಲ್ಲಿ ಎಂದು ಸಂತ ಲೂಕರು ಬರೆದಿದ್ದಾರೆ. ದಾವೀದನ ವಂಶದ ಜೋಸೆಫರು ಪಿತೃಗಳ ಊರಾದ ಬೆತ್ಲೆಹೇಮನ್ನು ಬಿಟ್ಟು ಮಗುವನ್ನು ಬೆಳೆಸಿದ್ದು ಮರಿಯಮ್ಮನವರಿಗೆ ಪರಿಚಿತವಾದ ಆ ಊರಿನಲ್ಲಿಯೇ.

ಇಷ್ಟೆಲ್ಲ ಹೊಸದಾಗಿ ಬರುವವರಿಗೆ ಹೇಳಿದೆವು. ಮೊದಲೇ ಇರುವವರಿಗೂ ಹೇಳಬೇಕಾದುದಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ, ಶಾಶ್ವತವಾಗಿ ನೆಲೆಸುವ ಉದ್ದೇಶದಿಂದ ಒಂದು ಧರ್ಮಕೇಂದ್ರದ ಎಲ್ಲೆಯೊಳಗೆ ವಾಸಕ್ಕೆ ಬಂದ ಕಥೋಲಿಕನು ಅಂದಿನಿಂದಲೇ ಅಲ್ಲಿನ ನಿವಾಸಿ. ಮೂರು ತಿಂಗಳು ಇರುವ ಉದ್ದೇಶದಿಂದ ಬಂದವನಿಗೂ ತಾತ್ಕಾಲಿಕ ನಿವಾಸಿಯ ಸ್ಥಾನವಿದೆ, ಅಲ್ಲಿನ ಧರ್ಮಗುರು ಅವನ ಧರ್ಮಗುರುವೇ. ಸ್ವಂತ ಮನೆಯಿರಬೇಕು, ಊರಿನ ಹಳೆಯ ಮನೆತನವಾಗಿರಬೇಕು ಎಂದು ಆ ಕಾನೂನು ಎಲ್ಲಿಯೂ ಹೇಳುವುದಿಲ್ಲ. ಆದರೆ ನಮ್ಮ ವಾಳೆಗಳ ಅಲಿಖಿತ ಕಾನೂನು ಬೇರೆ. ಬಾಡಿಗೆಯವರು ಹೊರಗಿನವರು, ಫ್ಲ್ಯಾಟಿನವರು ಕಾಣಿಕೆಗೆ ಮಾತ್ರ ನೆನಪಾಗುವವರು. ಗುರ್ಕಾರರು ಅವರ ಬಾಗಿಲು ತಟ್ಟುವುದು ವರ್ಷಕ್ಕೊಮ್ಮೆ, ಅದೂ ರಶೀದಿ ಪುಸ್ತಕ ಹಿಡಿದು. ಹತ್ತು ವರ್ಷ ಪಕ್ಕದ ಬೆಂಚಿನಲ್ಲಿ ಕುಳಿತು ಬಲಿಪೂಜೆಯಲ್ಲಿ ಭಾಗಿಯಾದವರ ಹೆಸರು ಕೇಳದೆ ಇರುವುದು ಯಾವ ಬಗೆಯ ಭ್ರಾತೃತ್ವ?

ನಮ್ಮದಾದರೂ ಯಾವ ಮೂಲದ ಮನೆತನ? 16ನೆಯ ಶತಮಾನದಿಂದ 18ನೆಯ ಶತಮಾನದವರೆಗೆ ಯುದ್ಧ, ಕ್ಷಾಮ ಮತ್ತು ಧಾರ್ಮಿಕ ವಿಚಾರಣೆಯ ಭಯದಿಂದ ಗೋವೆಯನ್ನು ಬಿಟ್ಟು ಹೆಂಡತಿ ಮಕ್ಕಳೊಡನೆ ದಕ್ಷಿಣಕ್ಕೆ ಬಂದವರ ಸಂತತಿ ನಾವು. ಕೆಳದಿಯ ಅರಸರ ಸೀಮೆಯಲ್ಲಿ ನಮಗೆ ಉಳಲು ನೆಲ ದೊರೆಯಿತು, ತುಳುನಾಡಿನ ನೆರೆಹೊರೆ ಇರಲು ಎಡೆ ಕೊಟ್ಟಿತು. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟು 1799ರ ಬಳಿಕ ಬರಿಗೈಯಲ್ಲಿ ಮರಳಿದವರೂ ನಮ್ಮ ಹಿರಿಯರೇ. ಎರಡೆರಡು ಬಾರಿ ಹೊಸದಾಗಿ ನೆಲೆಸಿದ ಜನ, ಮೂರನೆಯ ಬಾರಿ ಮರಳಿದ ತಮ್ಮವರನ್ನೇ ಹೊರಗಿನವರೆಂದು ಕರೆಯುವುದು ಸಲ್ಲದು.

ಪ್ರತಿಯೊಂದು ಧರ್ಮಕೇಂದ್ರವೂ ಸುಲಭವಾಗಿ ಮಾಡಬಹುದಾದ ಕೆಲಸಗಳಿವೆ. ಹೊಸದಾಗಿ ಬಂದ ಕುಟುಂಬದ ಮನೆಗೆ ತಿಂಗಳೊಳಗೆ ಗುರ್ಕಾರರು ಮತ್ತು ಇಬ್ಬರು ನೆರೆಯವರು ರಶೀದಿ ಪುಸ್ತಕವಿಲ್ಲದೆ ಹೋಗಿಬರಲಿ. ಮಕ್ಕಳಿಗೆ ಕನ್ನಡ ಕಲಿಸಲು ನಿವೃತ್ತ ಶಿಕ್ಷಕಿಯೊಬ್ಬರು ವಾರಕ್ಕೆರಡು ಸಂಜೆ ಕೊಡಲಿ. ಮೊಂತಿ ಹಬ್ಬದಂದು ಒಂದು ತೆನೆ ಬಾಡಿಗೆಯ ಮನೆಗೂ ತಲಪಲಿ. ರಾತ್ರಿ ಆಸ್ಪತ್ರೆಗೆ ಹೋಗಬೇಕಾದಾಗ ಕರೆಯಬಹುದಾದ ಯುವಕರ ದೂರವಾಣಿ ಸಂಖ್ಯೆಗಳನ್ನು ಪ್ರತಿ ವಾಳೆಯಲ್ಲಿ ಬರೆದಿಡಲಿ. ಇಂಥ ಊರು ಹಳ್ಳಿಯಾದರೂ ನಗರವಾದರೂ ವಾಸಕ್ಕೆ ಯೋಗ್ಯ.

ಊರನ್ನು ಆರಿಸುವ ಕುಟುಂಬಗಳಿಗೆ ನಮ್ಮ ವಿನಂತಿ ಇಷ್ಟೇ. ಮನೆಯ ನಕ್ಷೆಯನ್ನು ಬಿಡಿಸುವ ಮುನ್ನ ಒಂದು ಸಂಜೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ. ದೂರದಲ್ಲಿರುವ ತಂದೆ ದೂರವಾಣಿಯಲ್ಲಿಯಾದರೂ ಜೊತೆಗಿರಲಿ. ಅಜ್ಜ ಅಜ್ಜಿ, ಮಡದಿ, ಮಕ್ಕಳು ಒಬ್ಬೊಬ್ಬರಾಗಿ ಹೇಳಲಿ, ತಮಗೆ ಎಲ್ಲಿ ಭಯವಿಲ್ಲ, ಎಲ್ಲಿ ತಮ್ಮವರಿದ್ದಾರೆ ಎಂದು. ತಂದೆಯು ಕೊನೆಯಲ್ಲಿ ಮಾತಾಡಲಿ. ಸಂತ ಜೋಸೆಫರು ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಅವರು ಕೇಳಿಸಿಕೊಂಡರು, ಎದ್ದರು, ತಾಯಿ ಮಗುವನ್ನು ಕರೆದುಕೊಂಡು ಹೋದರು. ಮರಳಿ ಬರುತ್ತಿರುವ ನಮ್ಮ ಕುಟುಂಬಗಳಿಗೆ ಅವರ ಮಧ್ಯಸ್ಥಿಕೆ ದೊರೆಯಲಿ, ನಮ್ಮ ಧರ್ಮಕೇಂದ್ರಗಳು ಅವರಿಗೆ ನಜರೇತಿನಂತಾಗಲಿ.