ಬ್ರಾಂಕೋ ಸರಿ, ತಲೆಗೆ ಬಿದ್ದ ಪೆಟ್ಟಿನ ಲೆಕ್ಕ ಇಡೋರು ಯಾರು?

ಭಾರತದ ಕ್ರಿಕೆಟಿಗರಿಗೆ ಬ್ರಾಂಕೋ ಟೆಸ್ಟ್ ಬರುತ್ತೆ ಅನ್ನೋ ಸುದ್ದಿ 2025ರ ಆಗಸ್ಟ್‌ನಲ್ಲಿ ಬಂದಾಗ ‘ಯಾರು ಪಾಸ್, ಯಾರು ಫೇಲ್’ ಅನ್ನೋದೇ ಚರ್ಚೆಯಾಯಿತು. ಈ ಟೆಸ್ಟ್ ಹುಟ್ಟಿ ಬೆಳೆದಿದ್ದು ರಗ್ಬಿಯಲ್ಲಿ. ಅಂಕಿಗಳನ್ನು ನಂಬಿದರೆ ಏನಾಗುತ್ತೆ ಅನ್ನೋ ಪಾಠವನ್ನೂ ರಗ್ಬಿಯಿಂದಲೇ ಕಲಿಯಬೇಕು.

ಬ್ರಾಂಕೋ ಸರಳ. 20 ಮೀಟರ್ ಓಡಿ ವಾಪಸ್, 40 ಮೀಟರ್ ಓಡಿ ವಾಪಸ್, 60 ಮೀಟರ್ ಓಡಿ ವಾಪಸ್. ಹೀಗೆ ಐದು ಸುತ್ತು, ನಡುವೆ ವಿರಾಮವಿಲ್ಲ, ಒಟ್ಟು 1200 ಮೀಟರ್. ಸ್ಕ್ರಮ್‌ನಲ್ಲಿ ಭಾರ ಹೊರುವ ದಪ್ಪ ದೇಹದ ಪ್ರಾಪ್‌ಗೂ ಅಂಚಿನಲ್ಲಿ ಓಡುವ ವಿಂಗರ್‌ಗೂ ದೂರ ಒಂದೇ. ಹಾಗಾಗಿ ಒಳ್ಳೆಯ ಕೋಚ್ ಇಬ್ಬರ ಸಮಯವನ್ನು ಹೋಲಿಸಲ್ಲ, ಆಟಗಾರನನ್ನು ಅವನ ಹಿಂದಿನ ಸಮಯದ ಜೊತೆಗೇ ಹೋಲಿಸ್ತಾನೆ. ಇದರ ಮೇಲೆ ಬೆನ್ನಿಗೆ ಜಿಪಿಎಸ್ ಬೇರೆ. ಇವೆಲ್ಲ ಕೇಳೋದು ಒಂದೇ ಪ್ರಶ್ನೆ: ಈ ದೇಹದಿಂದ ಇನ್ನೆಷ್ಟು ಕೆಲಸ ತೆಗೀಬಹುದು?

ಆ ಕೆಲಸಕ್ಕೆ ದೇಹ ತೆತ್ತ ಬೆಲೆಯನ್ನು ಅಳೆಯೋಕೆ ಮಾತ್ರ ರಗ್ಬಿ ತಡಮಾಡಿತು. 2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಂಪ್ಸನ್, ತಮಗೆ ಡಿಮೆನ್ಷಿಯಾ ಇದೆ ಎಂದು 2020ರಲ್ಲಿ ಹೇಳಿದಾಗ ವಯಸ್ಸು 42. ಆ ವಿಶ್ವಕಪ್ ಗೆದ್ದಿದ್ದೇ ಅವರಿಗೆ ನೆನಪಿಲ್ಲ. ಅವರೂ ಸೇರಿ ಅನೇಕ ಮಾಜಿ ಆಟಗಾರರು ವರ್ಲ್ಡ್ ರಗ್ಬಿ ಮತ್ತು ಇಂಗ್ಲೆಂಡ್, ವೇಲ್ಸ್ ಮಂಡಳಿಗಳ ವಿರುದ್ಧ ಕೋರ್ಟ್‌ಗೆ ಹೋಗಿದ್ದಾರೆ.

ಈಗ ಸೀಸನ್‌ಗೆ ಮೊದಲೇ ಆಟಗಾರರ ನೆನಪಿನ ಶಕ್ತಿ, ಸಮತೋಲನ ಪರೀಕ್ಷಿಸಿ ದಾಖಲಿಸ್ತಾರೆ. ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದರೆ ಮತ್ತೆ ಪರೀಕ್ಷೆ ಮಾಡಿ, ಹಳೆಯ ಅಂಕದ ಜೊತೆ ಹೋಲಿಕೆ. ಸಮಸ್ಯೆ ಇರೋದೇ ಇಲ್ಲಿ: ಮೊದಲ ಪರೀಕ್ಷೆಯಲ್ಲಿ ಬೇಕಂತಲೇ ಕಡಿಮೆ ಅಂಕ ತಗೊಂಡ್ರೆ, ಪೆಟ್ಟು ಬಿದ್ದ ಮೇಲೂ ಪಾಸಾಗೋದು ಸುಲಭ. ಹೀಗೆ ಮಾಡ್ತಾರೆ ಅನ್ನೋ ಆತಂಕ ಕ್ರೀಡಾಲೋಕದಲ್ಲಿ ಹಳೆಯದು.

ಇದನ್ನು ಆಟಗಾರನ ಮೋಸ ಅಂತ ಬದಿಗಿಡೋದು ತಪ್ಪು. ಬ್ರಾಂಕೋದಲ್ಲಿ ಜೀವ ಬಿಟ್ಟು ಓಡುವವನೇ ಇಲ್ಲಿ ಬೇಕಂತಲೇ ತಪ್ಪು ಉತ್ತರ ಕೊಡ್ತಾನೆ ಅಂದ್ರೆ ಎರಡಕ್ಕೂ ಕಾರಣ ಒಂದೇ: ಹೊರಗೆ ಕೂತರೆ ಜಾಗ ಹೋಗುತ್ತೆ, ಮುಂದಿನ ಕಾಂಟ್ರಾಕ್ಟ್ ಹೋಗುತ್ತೆ.

ಉನ್ನತ ಮಟ್ಟದ ರಗ್ಬಿಯಲ್ಲಿ 2024ರಿಂದ ಸೆನ್ಸರ್ ಇರುವ ಮೌತ್‌ಗಾರ್ಡ್ ಬಂದಿದೆ. ತಲೆಗೆ ಬಿದ್ದ ಹೊಡೆತ ಮಿತಿ ಮೀರಿದರೆ ವೈದ್ಯರಿಗೆ ತಕ್ಷಣ ಸೂಚನೆ ಹೋಗುತ್ತೆ. ಒಳ್ಳೇದೇ. ಆದರೆ ಇಂಜಿನಿಯರಿಂಗ್ ಓದಿದವನಾಗಿ ಒಂದು ಮಾತು: ಸೆನ್ಸರ್ ಅಳೆಯೋದು ತಲೆಯ ಚಲನೆಯನ್ನು, ಮೆದುಳಿಗಾದ ಗಾಯವನ್ನಲ್ಲ. ಕೊನೆಗೆ ತೀರ್ಮಾನ ಮಾಡೋದು ಮನುಷ್ಯರೇ.

ಆ ಮನುಷ್ಯರು ತಂಡದ ಸಂಬಳಕ್ಕೆ ಕಟ್ಟುಬಿದ್ದಿರಬಾರದು. ಗಾಯಗೊಂಡು ಕೂತ ದಿನಗಳಿಗೂ ಆಟಗಾರನಿಗೆ ಪೂರ್ತಿ ಸಂಬಳ ಸಿಗಬೇಕು. ಅವನ ದೇಹದ ಡೇಟಾ ಅವನ ಕೈಗೂ ಸಿಗಬೇಕು. ಬೆಂಗಳೂರಿನ ಹೆಸರಿನಲ್ಲೂ ಒಂದು ತಂಡವಿದ್ದ ರಗ್ಬಿ ಪ್ರೀಮಿಯರ್ ಲೀಗ್ 2025ರಲ್ಲಿ ಇಲ್ಲೂ ಶುರುವಾಗಿದೆ. ಟೆಸ್ಟ್‌ಗಳನ್ನು ಆಮದು ಮಾಡಿಕೊಳ್ಳುವ ನಾವು ಈ ಮೂರು ಷರತ್ತುಗಳನ್ನೂ ಜೊತೆಗೇ ತರಿಸಿಕೊಳ್ಳಬೇಕು. ಇಲ್ಲದಿದ್ದರೆ ಸ್ಟಾಪ್‌ವಾಚ್ ಮಾಲೀಕರ ಕೈಯಲ್ಲಿ, ಪೆಟ್ಟು ಆಟಗಾರನ ತಲೆಯಲ್ಲಿ. ಅಷ್ಟೇ.