ಗೃಹಾರೋಗ್ಯ: ತದ್ರೂಪ ವಿದ್ಯೆಯೂ ಸಿಹಿಮೂತ್ರದ ಮದ್ದೂ

ತದ್ರೂಪ ಸೃಷ್ಟಿ, ಅಂದರೆ ಕ್ಲೋನಿಂಗ್, ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ವಾಚಕರಲ್ಲಿ ಹಲವರು ರಾಕ್ಷಸ ಮಾಯೆಯನ್ನು ಕಂಡಂತೆ ಬೆಚ್ಚುವರು. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಡಾಲಿ ಎಂಬ ಕುರಿಯ ವೃತ್ತಾಂತವೇ ಈ ಅಂಜಿಕೆಗೆ ಬಹುಮಟ್ಟಿಗೆ ಕಾರಣ. ಆದರೆ ಹಿತ್ತಿಲಿನಲ್ಲಿ ಬಾಳೆಯ ಕಂದನ್ನು ಕಿತ್ತು ಬೇರೆಡೆ ನೆಡುವ ಗೃಹಸ್ಥನು ಮಾಡುವುದೂ ಇದೇ ಕಾರ್ಯವಲ್ಲವೆ? ಬೀಜದ ನೆರವಿಲ್ಲದೆಯೇ ತಾಯಿಗಿಡದ ಗುಣವೆಲ್ಲವೂ ಕಂದಿಗೆ ಬರುವುದು.

ಈ ವಿದ್ಯೆಯು ವೈದ್ಯಕ್ಕೆ ಮಾಡಿರುವ ಉಪಕಾರವನ್ನರಿಯಲು ಸಿಹಿಮೂತ್ರ ರೋಗವೊಂದರ ಕಥೆಯೇ ಸಾಕು. 1921ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ ರಸವನ್ನು ಬೇರ್ಪಡಿಸುವವರೆಗೂ, ಈ ವ್ಯಾಧಿಯ ಉಗ್ರರೂಪಕ್ಕೆ ಗುರಿಯಾದ ಮಕ್ಕಳು ಉಳಿಯುವ ಆಸೆಯೇ ಇರಲಿಲ್ಲ. ಅನಂತರ ಸುಮಾರು 60 ವರ್ಷಗಳ ಕಾಲ ಈ ಮದ್ದು ದೊರೆತದ್ದು ಕಸಾಯಿಖಾನೆಯ ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ. ಕೊಂಚ ಮದ್ದಿಗೆ ರಾಶಿರಾಶಿ ಗ್ರಂಥಿಗಳು ಬೇಕಾಗುತ್ತಿದ್ದುವು. ಕೆಲವರ ಮೈಗೆ ಅದು ಒಗ್ಗುತ್ತಿರಲಿಲ್ಲ. ಆಚಾರವಂತರ ಮನಸ್ಸಿಗಂತೂ ಒಗ್ಗುತ್ತಲೇ ಇರಲಿಲ್ಲ.

1973ರಲ್ಲಿ ಅಮೆರಿಕೆಯ ಕೊಹೆನ್, ಬೋಯರ್ ಎಂಬ ವಿಜ್ಞಾನಿಗಳು ವಂಶವಾಹಿಯ ತುಣುಕನ್ನು ಸೂಕ್ಷ್ಮಾಣುವಿನೊಳಗೆ ಸೇರಿಸಿ ಅದರ ತದ್ರೂಪಗಳನ್ನು ಪಡೆಯುವ ಮಾರ್ಗವನ್ನು ತೋರಿದರು. 1978ರಲ್ಲಿ ಮಾನವ ಇನ್ಸುಲಿನ್ನಿನ ವಂಶವಾಹಿಯನ್ನೇ ಹಾಗೆ ಸೇರಿಸಲಾಯಿತು. ಒಂದು ಚಮಚ ಹೆಪ್ಪು ಗಡಿಗೆಯ ಹಾಲನ್ನೆಲ್ಲ ಮೊಸರು ಮಾಡುವುದನ್ನು ಗೃಹಿಣಿಯರು ಬಲ್ಲರು. ಅಂತೆಯೇ, ಅನುಕೂಲ ಒದಗಿದರೆ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಈ ಸೂಕ್ಷ್ಮಾಣುಗಳು ತಮ್ಮೊಡನೆ ಆ ವಂಶವಾಹಿಯನ್ನೂ ಇಮ್ಮಡಿಸುತ್ತ ಇನ್ಸುಲಿನ್ನನ್ನು ಸಿದ್ಧಗೊಳಿಸುವುವು. 1982ರಲ್ಲಿ ಈ ಮದ್ದಿಗೆ ಅಮೆರಿಕೆಯಲ್ಲಿ ಸರಕಾರದ ಅನುಮತಿ ದೊರೆಯಿತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ ಒಂದು ಜಾತಿಯ ಯೀಸ್ಟಿನಿಂದ ಮಾನವ ಇನ್ಸುಲಿನ್ನನ್ನು ತಯಾರಿಸಿ ಮಾರಾಟಕ್ಕೆ ತಂದಿತು. ಶಿಶುಗಳಿಗೆ ಹಾಕಿಸುವ ಹೆಪಟೈಟಿಸ್-ಬಿ ಲಸಿಕೆಯೂ ಇದೇ ಮಾರ್ಗದಿಂದ ಬಂದುದು.

ಆದಕಾರಣ ವಾಚಕರಲ್ಲಿ ನಮ್ಮ ಅರಿಕೆಯಿಷ್ಟೆ. ಮನೆಯ ಹಿರಿಯರು "ಪ್ರಾಣಿಯ ರಸ ನಮಗೆ ಬೇಡ" ಎಂದು ಸೂಜಿಮದ್ದನ್ನು ನಿರಾಕರಿಸಿದರೆ, ಇಂದು ದೊರೆಯುವ ಇನ್ಸುಲಿನ್ನಿನಲ್ಲಿ ಬಹುಪಾಲು ಪ್ರಾಣಿಯ ಗ್ರಂಥಿಯಿಂದ ತೆಗೆದುದಲ್ಲವೆಂದು ಸಾವಧಾನವಾಗಿ ತಿಳಿಯಹೇಳಿರಿ. ಸಂದೇಹ ಉಳಿದರೆ ವೈದ್ಯರನ್ನೇ ಕೇಳಿರಿ. ಅವರು ವಿಧಿಸಿದ ಇನ್ಸುಲಿನ್ನನ್ನು ತಾವಾಗಿಯೇ ನಿಲ್ಲಿಸುವುದು ಪ್ರಾಣಾಪಾಯಕರ. ಒಡೆಯದ ಬುಡ್ಡಿಗಳನ್ನು ಶೀತಪೆಟ್ಟಿಗೆಯಲ್ಲಿಡಿರಿ, ಹಿಮಗಟ್ಟಲು ಬಿಡಬೇಡಿರಿ. ಈ ಮದ್ದು ರೋಗವನ್ನು ಬೇರುಸಹಿತ ಕೀಳಲಾರದು, ನಿಜ. ಆದರೆ ರೋಗಿಯನ್ನು ಮನೆಮಂದಿಯ ನಡುವೆ ಉಳಿಸಬಲ್ಲುದು. ಸಂಸಾರಿಗೆ ಇದು ಅಲ್ಪ ಲಾಭವೆಂದು ನಾವು ಎಣಿಸೆವು.