ಊರಿನ ಸೊಸೆಗೆ ಊರಿನ ಕಾಗದವೂ ಬೇಕು

ಹೋದ ತಿಂಗಳು ಸಿಂಧನೂರಿನಿಂದ ಸಿರುಗುಪ್ಪಕ್ಕೆ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಒಬ್ಬ ಹೆಣ್ಣುಮಗಳು ಬಂದು ಕೂತಳು. ಕೈಯಲ್ಲಿ ಬಿಳಿ ಶಂಖದ ಬಳೆ, ಮಡಿಲಲ್ಲಿ ಜೆರಾಕ್ಸ್ ಕಾಗದ ತುಂಬಿದ ಪ್ಲಾಸ್ಟಿಕ್ ಕವರು. ಮಾತು ಮಾತ್ರ ನಮ್ಮದೇ. “ಅಕ್ಕಾ, ನಾ ಕ್ಯಾಂಪಿನ ಸೊಸಿ. ಲಗ್ನ ಆಗಿ ಬಂದು ಹದಿನೈದು ವರ್ಷ ಆತು. ನಾ ಇಲ್ಲಿಯಾಕಿ ಅಂತ ಹೇಳಾಕ ಒಂದು ಕಾಗದ ಇಲ್ಲ ನೋಡ್ರಿ” ಎಂದಳು.

ದಢೇಸೂಗೂರು ಸೇತುವೆ ದಾಟಿದರೆ ಸಿಂಧನೂರು ಸೀಮೆ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆ 1970ರ ದಶಕದಲ್ಲಿ ಸರ್ಕಾರವೇ ಜಮೀನು ಕೊಟ್ಟು ನೆಲೆ ಮಾಡಿಸಿದ ಆರ್.ಎಚ್. ಕ್ಯಾಂಪುಗಳು ಅಲ್ಲಿವೆ. ಆಮೇಲೂ ಬಾಂಗ್ಲಾದೇಶದಿಂದ ನೆಂಟರು, ಸೊಸೆಯಂದಿರು ಬಂದು ಸೇರಿಕೊಂಡರು. ನೆಲ ಸಿಕ್ಕಿತು, ಭಾಷೆ ಸಿಕ್ಕಿತು. ಪೌರತ್ವ ಮಾತ್ರ ಎಷ್ಟೋ ಜನರಿಗೆ ಸಿಗಲಿಲ್ಲ.

2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆಗೆ ತಿದ್ದುಪಡಿ ಬಂತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮದವರಿಗೆ ಹನ್ನೊಂದು ವರ್ಷದ ವಾಸದ ಷರತ್ತು ಐದಕ್ಕಿಳಿಯಿತು. ಮುಸ್ಲಿಮರನ್ನೂ ಶ್ರೀಲಂಕಾದ ತಮಿಳರನ್ನೂ ಹೊರಗಿಟ್ಟದ್ದು ಸರಿಯೇ ಎಂದು ದೇಶವೆಲ್ಲ ವಾದ ನಡೆಯಿತು. ಆ ಪ್ರಶ್ನೆ ನನಗೂ ಇದೆ. ಆದರೆ ಒಳಗೆ ಸೇರಿಸಿಕೊಂಡವರಿಗಾದರೂ ಬಾಗಿಲು ಬೇಗ ತೆರೆಯಿತೇ? ಕಡೇ ದಿನ ಬಂದವರಿಗೂ 2019ರ ಕೊನೆಗೆ ಐದು ವರ್ಷ ತುಂಬಿತ್ತು. ಅರ್ಜಿ ಹಾಕಲು ಬೇಕಾದ ನಿಯಮಗಳು ಪ್ರಕಟವಾದದ್ದು 2024ರ ಮಾರ್ಚ್ 11ಕ್ಕೆ! ನಾಲ್ಕು ವರ್ಷ ಬರೀ ಕಾದದ್ದೇ ಆಯಿತು. ಅದೇ ವರ್ಷ ಸಿಂಧನೂರಿನ ಕ್ಯಾಂಪುಗಳ ಐವರಿಗೆ ಪ್ರಮಾಣಪತ್ರ ಸಿಕ್ಕಿತೆಂಬ ಸುದ್ದಿ ಓದಿ ಸಂತೋಷಪಟ್ಟೆ. ಉಳಿದವರು?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಗಿದೆ. ಯಾವ ದೇಶದಿಂದ ಬಂದಿರಿ, ಯಾವಾಗ ಬಂದಿರಿ ಎಂಬ ಎರಡಕ್ಕೂ ದಾಖಲೆ ಬೇಕು. ಗಂಡಸರ ಹೆಸರಿಗಾದರೆ ಪಹಣಿ ಇರುತ್ತದೆ, ಕರೆಂಟ್ ಬಿಲ್ಲಿರುತ್ತದೆ. ಸೊಸೆಯ ಹೆಸರಲ್ಲಿ ಏನಿರುತ್ತದೆ? ಶಾಲೆಗೆ ಹೋಗಿಲ್ಲ, ಮದುವೆ ನೋಂದಣಿ ಆಗಿಲ್ಲ, ತವರಿನ ಹೆಸರೊಂದು, ಗಂಡನ ಮನೆಯದೊಂದು. ನಷ್ಟ ಅವಳೊಬ್ಬಳದೇ ಅಲ್ಲ. 2004ರ ಡಿಸೆಂಬರ್ 3ರಿಂದೀಚೆಗೆ ಇಲ್ಲಿ ಹುಟ್ಟಿದ ಮಗುವಿಗೆ ಅಪ್ಪ ಭಾರತೀಯನಾಗಿದ್ದರೆ ಸಾಲದು, ತಾಯಿ ಅಕ್ರಮವಾಗಿ ಬಂದವಳಾಗಿರಬಾರದು ಎನ್ನುತ್ತದೆ ಕಾಯ್ದೆ. ತಾಯಿಯ ಕಾಗದ ಪ್ರಶ್ನೆಯಾದರೆ ಮಗುವಿನದೂ ಪ್ರಶ್ನೆಯೇ.

ಅದಕ್ಕೇ ನನ್ನ ಅನಿಸಿಕೆ ಇಷ್ಟು. ಅರ್ಜಿ ನೋಡುವ ಸಮಿತಿಯವರು ಕ್ಯಾಂಪಿಗೇ ಬಂದು ಕೂತು ಹೆಂಗಸರ ಅಹವಾಲು ಕೇಳಲಿ. ಹೆಸರಿನಲ್ಲಿ ಒಂದಕ್ಷರ ಆಚೀಚೆಯಾದ ಮಾತ್ರಕ್ಕೆ ಅರ್ಜಿ ವಾಪಸ್ ಕಳಿಸದಿರಲಿ. ತಂದೆ, ತಾತನ ಮೂಲ ತೋರಿಸುವ ಕಾಗದವೂ ನಡೆಯುತ್ತದೆಂದು ನಿಯಮವೇ ಹೇಳಿದೆ. ಇದನ್ನು ಕ್ಯಾಂಪಿನ ಮನೆಮನೆಗೂ ತಿಳಿಸಲಿ.

ಇನ್ನು ನಾವು ಹೆಣ್ಣುಮಕ್ಕಳು. ಕ್ಯಾಂಪಿನವರೇ ಆಗಬೇಕಿಲ್ಲ, ಕಾಗದದ ವಿಷಯದಲ್ಲಿ ನಾವೆಲ್ಲ ಉದಾಸೀನವೇ. ಮದುವೆ ನೋಂದಣಿ ಮಾಡಿಸಿ. ಅಂಚೆ ಕಚೇರಿಯಲ್ಲೊಂದು ಖಾತೆ ನಿಮ್ಮ ಹೆಸರಲ್ಲಿರಲಿ. ರೇಷನ್ ಕಾರ್ಡು, ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿಗಳಲ್ಲಿ ಹೆಸರು ಒಂದೇ ತೆರನಾಗಿದೆಯೇ ನೋಡಿಕೊಳ್ಳಿ. ಹಳೇ ಚೀಟಿ ಎಂದು ಒಲೆಗೆ ಹಾಕಬೇಡಿ, ಅದೇ ನಾಳೆ ಕೈಹಿಡಿಯಬಹುದು.

ಸಿರುಗುಪ್ಪ ಬಂತು. ಇಳಿಯುವಾಗ ಅವಳು ಕವರನ್ನು ಎದೆಗವಚಿಕೊಂಡಳು. “ನನ್ನ ಹಣೇಬರಹ ಹೆಂಗಾರ ಇರ್ಲಿ ಅಕ್ಕಾ, ಹುಡುಗೀದು ಎಸ್ಸೆಸ್ಸೆಲ್ಸಿ ಬಂತು” ಎಂದಳು. ಈ ನೆಲದಲ್ಲಿ ಹುಟ್ಟಿ, ಇಲ್ಲಿಯ ಅನ್ನ ಉಂಡು, ಕನ್ನಡದಲ್ಲೇ ಪರೀಕ್ಷೆ ಬರೆಯುವ ಆ ಹುಡುಗಿಯನ್ನು ಇನ್ನೆಷ್ಟು ದಿನ ಕಾಯಿಸೋಣ?